ನಿಮ್ಮ ಮನೆತನದ ಬೇರು ಹುಡುಕುವುದು ಹೇಗೆ? ಕರ್ನಾಟಕದ ಹಳೆಯ ಕುಟುಂಬಗಳಿಗೆ ಒಂದು ಕೈಪಿಡಿ

ನಮ್ಮ ಮನೆಯಲ್ಲಿ ಮುತ್ತಜ್ಜನ ಹೆಸರು ಎಲ್ಲರಿಗೂ ಗೊತ್ತಿತ್ತು. ಅವರ ಅಪ್ಪನ ಹೆಸರೇನು ಅಂತ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ಹೆಸರು ನನಗೆ ಕೊನೆಗೆ ಸಿಕ್ಕಿದ್ದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಒಂದು ಪೌತಿ ಖಾತೆಯ ಕಾಗದದಲ್ಲಿ. ಅಂಚೆಲ್ಲ ಪುಡಿಯಾದ ಹಾಳೆ. ಖಾತೆದಾರ ತೀರಿಕೊಂಡ, ಖಾತೆ ಮಗನ ಹೆಸರಿಗೆ ಆಯ್ತು ಎನ್ನುವ ಒಂದೂವರೆ ಸಾಲು. ಬೆಂಚಿನ ಮೇಲೆ ಕೂತು ಆ ಹೆಸರನ್ನು ನಾಲ್ಕೈದು ಸಲ ಓದಿದೆ. ನೂರು ವರ್ಷದಿಂದ ಯಾರೂ ಬಾಯಲ್ಲಿ ಹೇಳದ ಹೆಸರು ಅದು.

ಮನೆತನದ ಮೂಲ ಹುಡುಕಲು ಹೊರಟವರು ಸಾಮಾನ್ಯವಾಗಿ ಮೇಲಿನಿಂದ ಶುರು ಮಾಡುತ್ತಾರೆ. "ನಾವು ವಿಜಯನಗರದ ಕಾಲದವರಂತೆ" ಅನ್ನುವ ಮಾತು ಹಿಡಿದು ಅರಸರ ಪುಸ್ತಕ ತೆಗೆಯುತ್ತಾರೆ. ಅಲ್ಲಿಂದ ನಿಮ್ಮ ಅಜ್ಜನ ತನಕ ಇಳಿದು ಬರಲು ಮೆಟ್ಟಿಲೇ ಇರುವುದಿಲ್ಲ. ಕೆಳಗಿನಿಂದ ಹತ್ತಬೇಕು. ನಿಮ್ಮಿಂದ ಅಪ್ಪ ಅಮ್ಮನಿಗೆ, ಅವರಿಂದ ಅಜ್ಜ ಅಜ್ಜಿಗೆ, ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಒಂದು ಆಧಾರ ಇರಬೇಕು. ಮುಂದೆ ಬರೆದಿರುವುದೆಲ್ಲ ಆ ಆಧಾರ ಎಲ್ಲಿ ಸಿಗುತ್ತದೆ ಅನ್ನುವುದರ ಬಗ್ಗೆ.

ಮೊದಲು ಹಿರಿಯರ ಮಾತು

ಕಚೇರಿಯ ಕಾಗದ ಇನ್ನೂ ಹತ್ತು ವರ್ಷ ಅಲ್ಲೇ ಇರಬಹುದು. ಎಂಬತ್ತೈದು ದಾಟಿದ ಅಜ್ಜಿಯ ನೆನಪು ಹಾಗಲ್ಲ. ಅದಕ್ಕೇ ಮೊದಲ ಕೆಲಸ ಹಿರಿಯರ ಹತ್ತಿರ ಕೂರುವುದು. ಅವರನ್ನು ಕೇಳಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. ಒಂದೇ ದಿನ ಮೂರು ಗಂಟೆ ಕೂರಿಸಬೇಡಿ, ಅರ್ಧ ಗಂಟೆ ಸಾಕು. ಅದರ ಬದಲು ನಾಲ್ಕು ಸಲ ಹೋಗಿ. ಎರಡನೇ ಸಲ ಹೋದಾಗ "ಅವತ್ತು ನೀನು ಹೋದ್ಮೇಲೆ ನೆನಪಾಯ್ತು ನೋಡು" ಅಂತ ಅವರೇ ಶುರು ಮಾಡುತ್ತಾರೆ.

"ನಮ್ಮ ವಂಶದ ಇತಿಹಾಸ ಹೇಳಿ" ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಸಣ್ಣ ಪ್ರಶ್ನೆ ಕೇಳಬೇಕು. ನನಗೆ ಅತಿ ಹೆಚ್ಚು ಹೆಸರು ಕೊಟ್ಟ ಪ್ರಶ್ನೆ ಒಂದೇ: "ಯಾರು ತೀರಿಕೊಂಡರೆ ನಮಗೆ ಸೂತಕ?" ಸೂತಕ ಹಿಡಿಯುವ ಮನೆಗಳಲ್ಲಿ ಹತ್ತು ದಿನದ ದಾಯಾದಿಗಳು ಯಾರು, ಮೂರು ದಿನದವರು ಯಾರು ಅನ್ನುವುದು ಹಿರಿಯರಿಗೆ ಬಾಯಿಪಾಠ. ಹತ್ತು ದಿನದವರು ಹತ್ತಿರದ ಕವಲು, ಮೂರು ದಿನದವರು ದೂರದ ಕವಲು. ಸಂಬಂಧ ಹೇಗೆ ಅಂತ ಮರೆತುಹೋಗಿದ್ದರೂ ಸೂತಕದ ಲೆಕ್ಕ ಉಳಿದಿರುತ್ತದೆ. ಹಾಗೆಯೇ ಕೇಳಿ: ಮದುವೆಗೆ ಮೊದಲ ಲಗ್ನಪತ್ರಿಕೆ ಯಾರ ಮನೆಗೆ ಹೋಗುತ್ತಿತ್ತು? ಯಾವ ಊರಿನವರ ಜೊತೆ ಹೆಣ್ಣು ತರುವುದು, ಕೊಡುವುದು ಇಲ್ಲ? ಮನೆದೇವರು ಯಾವುದು, ಅಲ್ಲಿಗೆ ಮುಡಿ ಕೊಡಲು ಇನ್ನೂ ಯಾವ ಊರಿನವರು ಬರುತ್ತಾರೆ? ಹಿರಿಯರ ಹಬ್ಬದ ದಿನ ಎಡೆ ಇಡುವಾಗ ಯಾರ್ಯಾರ ಹೆಸರು ಹೇಳುತ್ತಿದ್ದರು? ಶ್ರಾದ್ಧ ಮಾಡುವ ಮನೆಗಳಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಮೂರು ತಲೆಮಾರಿನ ಹೆಸರು ಹೇಳಲೇಬೇಕು. ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರೂ ಜೊತೆಗೆ ಬರುತ್ತದೆ. ಅದನ್ನು ಬರೆದಿಟ್ಟ ಚೀಟಿ ಪುರೋಹಿತರ ಹತ್ತಿರವೋ ದೇವರ ಮನೆಯ ಪಂಚಾಂಗದ ನಡುವೆಯೋ ಇರುತ್ತದೆ.

ಸೋದರತ್ತೆಯ ಜೊತೆ ಹೀಗೇ ಮಾತಾಡುವಾಗ ಅವರು ಥಟ್ಟನೆ ಅಂದರು: "ಆ ಹೆಸರಿನವರು ಇಬ್ಬರಿದ್ರು ಕಣೋ. ಬಾವಿ ತೋಡಿಸಿದವರು ಬೇರೆ, ಕೆಂಪು ರುಮಾಲಿನವರು ಬೇರೆ." ಅಷ್ಟರ ತನಕ ನಾವೆಲ್ಲ ಇಬ್ಬರನ್ನೂ ಒಬ್ಬರೇ ಅಂದುಕೊಂಡಿದ್ದೆವು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಇದು ತುಂಬಾ ಆಗುತ್ತದೆ. ಆದ್ದರಿಂದ ಬರೀ ಹೆಸರು ಬರೆದುಕೊಳ್ಳಬೇಡಿ. ಹೆಸರಿನ ಜೊತೆ ಒಂದು ಗುರುತು ಬರೆಯಿರಿ. ಕುಂಟುತ್ತಿದ್ದವರು, ಎರಡು ಮದುವೆಯಾದವರು, ದತ್ತು ಬಂದವರು, ಮನೆ ಅಳಿಯನಾಗಿ ಉಳಿದವರು. ಮುಂದೆ ಕಾಗದದಲ್ಲಿ ಅದೇ ಹೆಸರು ಮೂರು ಸಲ ಬಂದಾಗ ಈ ಗುರುತುಗಳೇ ನಿಮಗೆ ದಾರಿ.

ಇನ್ನೊಂದು ಮಾತು. ಹಳೆಯ ಕಾಗದ ಕೇಳಿಕೊಂಡು ಹೋದರೆ ದಾಯಾದಿಗಳಿಗೆ ಮೊದಲು ಬರುವ ಅನುಮಾನ ಆಸ್ತಿಯದ್ದು. ಬಾಗಿಲಲ್ಲೇ ಹೇಳಿಬಿಡಿ, ಪಾಲಿನ ವಿಷಯಕ್ಕೆ ಬಂದಿಲ್ಲ ಅಂತ. ಅವರ ಪತ್ರಗಳನ್ನು ಅವರ ಎದುರಿಗೇ ಫೋಟೋ ತೆಗೆಯಿರಿ, ಮೂಲವನ್ನು ಅಲ್ಲೇ ಬಿಟ್ಟು ಬನ್ನಿ. ನೀವು ಬರೆದ ವಂಶವೃಕ್ಷದ ಒಂದು ಪ್ರತಿ ಅವರಿಗೂ ಕೊಡಿ. ಕೊಟ್ಟ ಮನೆಯಲ್ಲಿ ಮುಂದಿನ ಸಲ ಕಬ್ಬಿಣದ ಪೆಟ್ಟಿಗೆ ತಾನಾಗಿ ತೆರೆಯುತ್ತದೆ.

ಹೆಸರಿನಲ್ಲೇ ಇರುವ ಸುಳಿವು

ಅಡ್ಡಹೆಸರು ಇರುವ ಕಡೆ ಅದು ಮೊದಲ ಸುಳಿವು. ದೇಸಾಯಿ, ದೇಶಪಾಂಡೆ, ನಾಡಗೌಡ, ಪಾಟೀಲ, ಕುಲಕರ್ಣಿ, ಶಾನುಭೋಗ ಇವೆಲ್ಲ ಹುದ್ದೆಗಳು. ಹಾಗಾಗಿ ಒಂದೇ ಹೆಸರಿನ ನೂರಾರು ಮನೆಗಳಿಗೆ ರಕ್ತಸಂಬಂಧ ಇರಬೇಕಾಗಿಲ್ಲ, ಬೇರೆ ಬೇರೆ ಜಾತಿಯವರೂ ಇರುತ್ತಾರೆ. ಬಡಿಗೇರ, ಕಂಬಾರ, ಪತ್ತಾರ ಕಸುಬಿನ ಹೆಸರು. ಊರಿನ ಹೆಸರು ಅಡ್ಡಹೆಸರಾಗಿದ್ದರೆ ಒಂದು ವಿಷಯ ಗಮನಿಸಿ: ಆ ಊರಲ್ಲೇ ಇದ್ದವರನ್ನು ಅದೇ ಊರಿನ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಊರು ಬಿಟ್ಟು ಬಂದ ಮೇಲೆ ಹೊಸ ಊರಿನವರು ಇಟ್ಟ ಹೆಸರು ಅದು. ಅಂದರೆ ವಲಸೆಯ ಮೊದಲ ದಾಖಲೆ ನಿಮ್ಮ ಹೆಸರಿನಲ್ಲೇ ಇದೆ.

ಬೆಡಗು, ಬಳಿ, ಕುಲ, ಗೋತ್ರ ಇನ್ನೂ ಹಿಂದಕ್ಕೆ ಹೋಗುತ್ತವೆ. ಇವು ಮದುವೆ ಸಂಬಂಧ ಕೂಡಿಸಲು, ಬಿಡಲು ಇದ್ದ ಗುಂಪುಗಳು. ಒಂದೇ ಬೆಡಗಿನವರು ಅಂದ ಮಾತ್ರಕ್ಕೆ ಎಲ್ಲರನ್ನೂ ಒಂದೇ ಮರಕ್ಕೆ ಸೇರಿಸಲು ಹೋಗಬೇಡಿ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಬಳಿ ಬರುವುದು ತಾಯಿಯಿಂದ. ಅಲ್ಲಿ ಅಪ್ಪನ ಹೆಸರು ಹಿಡಿದು ಹೊರಟರೆ ಎರಡೇ ತಲೆಮಾರಿಗೆ ಬೇರೆ ಮನೆತನದೊಳಗೆ ಹೋಗಿರುತ್ತೀರಿ. ಸೋದರಮಾವನ ಹೆಸರು ಹಿಡಿಯಬೇಕು, ಕುಟುಂಬದ ಮೂಲ ಮನೆ ಎಲ್ಲಿ ಅಂತ ಕೇಳಬೇಕು. ಕೊಡಗಿನವರಿಗೆ ಈ ಕೆಲಸ ಅರ್ಧ ಆಗಿಯೇ ಇದೆ. ಒಕ್ಕದ (ಮನೆತನದ) ಹೆಸರು ಇದೆ, ಮೂಲ ಮನೆಯಾದ ಐನ್‌ಮನೆ ಇದೆ, ಮೂಲಪುರುಷ ಕಾರಣವನ ನೆನಪಿಗೆ ಕೈಮಡ ಅನ್ನುವ ಗುಡಿ ಇದೆ.

ನಿಮ್ಮ ಊರು ಮೊದಲು ಯಾರ ಕೈಯಲ್ಲಿತ್ತು?

ಕಾಗದ ಹುಡುಕುವ ಮೊದಲು ಈ ಪ್ರಶ್ನೆಗೆ ಉತ್ತರ ಗೊತ್ತಿರಲೇಬೇಕು. ಈಗಿನ ಕರ್ನಾಟಕ 1956ರ ನವೆಂಬರ್ 1ರಂದು ಒಂದಾಯಿತು. ಅದಕ್ಕೂ ಹಿಂದೆ ಕನ್ನಡದ ಊರುಗಳು ಮೈಸೂರು ಸಂಸ್ಥಾನ, ಬಾಂಬೆ ಪ್ರಾಂತ, ಮದ್ರಾಸ್ ಪ್ರಾಂತ, ಹೈದರಾಬಾದಿನ ನಿಜಾಮರ ರಾಜ್ಯ, ಕೊಡಗು ಹೀಗೆ ಹಂಚಿಹೋಗಿದ್ದವು. ನಡುವೆ ಸಣ್ಣ ಸಣ್ಣ ಸಂಸ್ಥಾನಗಳೂ ಇದ್ದವು. ದಾಖಲೆ ಎಲ್ಲಿದೆ, ಯಾವ ಭಾಷೆಯಲ್ಲಿದೆ ಅನ್ನುವುದೆಲ್ಲ ಇದರ ಮೇಲೆ ನಿಂತಿದೆ.

ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಹಳೆಯ ಪತ್ರಗಳು ಮೋಡಿ ಲಿಪಿಯ ಮರಾಠಿಯಲ್ಲಿ ಇರುವುದು ಮಾಮೂಲು. ಮೇಲಿನ ಹಂತದ ದಾಖಲೆಗಳು ಪುಣೆ ಮತ್ತು ಮುಂಬೈ ಪತ್ರಾಗಾರಗಳಲ್ಲಿವೆ. ಕಲಬುರಗಿ, ಬೀದರ್, ರಾಯಚೂರು ಕಡೆ ಉರ್ದು ಮತ್ತು ಪಾರ್ಸಿ, ಹುಡುಕಬೇಕಾದ್ದು ಹೈದರಾಬಾದಿನಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿಯವರು ಚೆನ್ನೈ ಪತ್ರಾಗಾರವನ್ನೂ ನೋಡಬೇಕು. ಉತ್ತರ ಕನ್ನಡದವರಿಗೆ ಎರಡು ಕಡೆ ಕೆಲಸ. ಆ ಜಿಲ್ಲೆ 1862ರ ತನಕ ಮದ್ರಾಸಿನಲ್ಲಿತ್ತು, ಆಮೇಲೆ ಬಾಂಬೆಗೆ ಹೋಯಿತು. ಹಳೆಯ ಮೈಸೂರಿನವರಿಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಮತ್ತು ಅದರ ಮೈಸೂರು ಶಾಖೆ ಇದೆ.

ಇದನ್ನೆಲ್ಲ ಕೇಳಿ ಗಾಬರಿಯಾಗಬೇಡಿ. ಶುರುವಿಗೆ ನಿಮ್ಮ ತಾಲೂಕು ಕಚೇರಿ ಸಾಕು.

ಜಮೀನಿನ ಕಾಗದ

ನಮ್ಮಲ್ಲಿ ಹುಟ್ಟಿದ ದಿನ ಬರೆದಿಟ್ಟವರು ಕಡಿಮೆ. ಭೂಮಿಯ ಲೆಕ್ಕ ಮಾತ್ರ ಯಾರೂ ಬಿಟ್ಟಿಲ್ಲ, ಕಂದಾಯ ಕಟ್ಟಬೇಕಿತ್ತಲ್ಲ. ಹಾಗಾಗಿ ಮನೆತನದ ಇತಿಹಾಸದ ದೊಡ್ಡ ಖಜಾನೆ ಕಂದಾಯ ಇಲಾಖೆಯಲ್ಲೇ ಇದೆ.

ಈಗಿನ ಪಹಣಿಯಿಂದ ಹೊರಡಿ. ಉತ್ತರ ಕರ್ನಾಟಕದಲ್ಲಿ ಇದನ್ನೇ ಉತಾರ ಅನ್ನುತ್ತಾರೆ. ಅದರಲ್ಲಿ ಸರ್ವೆ ನಂಬರ್ ಜೊತೆ ಆ ಹೆಸರು ಹೇಗೆ ಬಂತು ಅನ್ನುವ ಮ್ಯುಟೇಷನ್ (ಖಾತೆ ಬದಲಾವಣೆ) ನಂಬರ್ ಇರುತ್ತದೆ. ಆ ಮ್ಯುಟೇಷನ್ ತೆಗೆಸಿ. ಅದರಲ್ಲಿ ಹಿಂದಿನ ಖಾತೆದಾರನ ಹೆಸರು, ಬದಲಾವಣೆಗೆ ಕಾರಣ ಇರುತ್ತದೆ. ಪೌತಿ ಖಾತೆಯಾಗಿದ್ದರೆ ವಾರಸುದಾರರ ಪಟ್ಟಿ, ಎಷ್ಟೋ ಸಲ ವಂಶವೃಕ್ಷವೂ ಸಿಗುತ್ತದೆ. ಅಲ್ಲಿ ಸಿಕ್ಕ ಹೆಸರು ಹಿಡಿದು ಅದಕ್ಕೂ ಹಿಂದಿನ ಮ್ಯುಟೇಷನ್. ಹೀಗೆ ಹಿಂದೆ ಹಿಂದೆ ಹೋಗುವುದು. ಪಹಣಿಗಳು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದದ್ದು 2000ದ ಆಚೀಚೆ. ಅದಕ್ಕಿಂತ ಹಳೆಯವು ಕೈಬರಹದ ಪುಸ್ತಕಗಳು. ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬೇಕು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ನಡೆಯುತ್ತಿದೆ, ನಿಮ್ಮ ತಾಲೂಕಿನಲ್ಲಿ ಎಲ್ಲಿಗೆ ಬಂದಿದೆ ಅಂತ ವಿಚಾರಿಸಿ.

ಅರ್ಜಿಯಲ್ಲಿ "ನಮ್ಮ ಕುಟುಂಬದ ಹಳೆಯ ದಾಖಲೆ ಕೊಡಿ" ಅಂತ ಬರೆದರೆ ಅದು ಮೇಜಿನ ಮೇಲೇ ಉಳಿಯುತ್ತದೆ. ಊರು, ಹೋಬಳಿ, ಸರ್ವೆ ನಂಬರ್, ಯಾವ ವರ್ಷದಿಂದ ಯಾವ ವರ್ಷದ ತನಕ, ಯಾವ ದಾಖಲೆ ಅಂತ ಬಿಡಿಸಿ ಬರೆಯಿರಿ. ನನ್ನ ಮೊದಲ ಅರ್ಜಿಗೆ "ಲಭ್ಯವಿಲ್ಲ" ಅಂತ ಹಿಂಬರಹ ಬಂತು. ಆಮೇಲೆ ನೋಡಿದರೆ ನಾನು ಕೊಟ್ಟಿದ್ದು ಈಗಿನ ಹಿಸ್ಸಾ ನಂಬರ್, ಪೋಡಿಯಾಗಿ ಭಾಗವಾದ ಮೇಲೆ ಬಂದದ್ದು. ಹಳೆಯ ಪುಸ್ತಕದಲ್ಲಿ ಇದ್ದದ್ದು ಮೂಲ ಸರ್ವೆ ನಂಬರ್. ಅದನ್ನು ಬರೆದು ಕೊಟ್ಟ ಮೇಲೆ ಅದೇ ಕೋಣೆಯಲ್ಲಿ ಪುಸ್ತಕ ಸಿಕ್ಕಿತು. ನಂಬರ್ ಬದಲಾದ ಹಾದಿ ತಿಳಿಯಲು, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರ್‌ಬಂದ್ ಮತ್ತು ಸರ್ವೆ ಟಿಪ್ಪಣಿ ನೋಡಿ, ಅವು ಸರ್ವೆ ಇಲಾಖೆಯಲ್ಲಿರುತ್ತವೆ. ಬಾಂಬೆ ಕರ್ನಾಟಕದಲ್ಲಿ 1840ರ ದಶಕದಲ್ಲೇ ಸರ್ವೆ ನಡೆದಿತ್ತು, ಮೈಸೂರಿನಲ್ಲಿ 1863ರಿಂದ ಶುರುವಾಯಿತು. ಆಗಿನ ಖಾತೆದಾರರ ಹೆಸರು ಸಿಕ್ಕರೆ ಒಂದೂವರೆ ಶತಮಾನ ದಾಟಿದ ಹಾಗೆ.

ಇದರ ಆಚೆ ಮೂರು ಬಗೆಯ ಫೈಲುಗಳನ್ನು ಮರೆಯಬೇಡಿ. ಒಂದು, ಇನಾಂ ಫೈಲು, ಅಂದರೆ ಕಂದಾಯ ಬಿಟ್ಟು ಅಥವಾ ಕಡಿಮೆ ಮಾಡಿ ಕೊಟ್ಟ ಭೂಮಿಯದ್ದು. ದೇವಸ್ಥಾನಕ್ಕೆ, ಮಠಕ್ಕೆ, ಸೇವೆಗೆ ಅಂತ ಇನಾಂ ಹೊಂದಿದ್ದ ಮನೆತನಗಳು ತಮ್ಮ ಹಕ್ಕು ಸಾಬೀತು ಮಾಡಲು ವಂಶಾವಳಿ ಬರೆದು ಕೊಡಬೇಕಿತ್ತು. ಬಾಂಬೆ ಸರ್ಕಾರ 1852ರಲ್ಲಿ ಇನಾಂ ಕಮಿಷನ್ನಿಗೆ ಕಾಯ್ದೆಯ ಬಲ ಕೊಟ್ಟು ಇವನ್ನೆಲ್ಲ ವಿಚಾರಿಸಿತು, ಮೈಸೂರಿನಲ್ಲೂ ಆಮೇಲೆ ಇಂಥದ್ದೇ ವಿಚಾರಣೆ ನಡೆಯಿತು. ಎರಡು, ಫಾರಂ ನಂಬರ್ 7. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ ಇದು. ಯಾವಾಗಿನಿಂದ ಉಳುತ್ತಿದ್ದೇವೆ, ಅಪ್ಪ ಯಾರು, ಒಡೆಯ ಯಾರು ಅಂತ ಎರಡೂ ಕಡೆಯವರ ಹೇಳಿಕೆ ಆ ಫೈಲಿನಲ್ಲಿದೆ. ಸ್ವಂತ ಭೂಮಿ ಇಲ್ಲದೆ ಉಳುಮೆ ಮಾಡಿಕೊಂಡು ಬಂದ ಮನೆಗಳ ಇತಿಹಾಸ ಇಷ್ಟು ವಿವರವಾಗಿ ಬೇರೆಲ್ಲೂ ಸಿಗುವುದು ಕಷ್ಟ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ತೋಟಿ, ತಳವಾರ, ನೀರುಗಂಟಿ ಕೆಲಸಕ್ಕೆ ಕೊಟ್ಟಿದ್ದ ಭೂಮಿಯ ಫೈಲು. ಇವು ವಂಶಪಾರಂಪರ್ಯವಾಗಿ ಬಂದ ಊರ ಕೆಲಸಗಳು. ಗೌಡ, ಶಾನುಭೋಗರ ಹುದ್ದೆ ಹೋದ ಹಾಗೆ ಇವೂ 1961ರ ಗ್ರಾಮ ಕಚೇರಿ ರದ್ದತಿ ಕಾಯ್ದೆಯಿಂದ ಹೋದವು. ಆ ಭೂಮಿಯನ್ನು ಹಳೆಯ ಸೇವೆಯವರಿಗೇ ರಿಗ್ರಾಂಟ್ (ಮರುಮಂಜೂರು) ಮಾಡುವಾಗ ವಾರಸುದಾರಿಕೆ ತೋರಿಸಬೇಕಿತ್ತು. "ನಮ್ಮಂಥವರ ಹೆಸರು ಯಾರು ಬರೆದಿಟ್ಟಿರ್ತಾರೆ" ಅಂತ ದಲಿತ ಹಿರಿಯರೊಬ್ಬರು ನನ್ನ ಹತ್ತಿರ ಹೇಳಿದ್ದರು. ಇಂಥ ಫೈಲಿನಲ್ಲಿ ಅವರ ಅಜ್ಜನ ಅಪ್ಪನ ಹೆಸರೇ ಇತ್ತು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪಾಲುಪತ್ರ, ದಾನಪತ್ರ, ದತ್ತಕ ಪತ್ರ ಕೇಳಿ. ಪತ್ರ ಸಿಕ್ಕಾಗ ಚಕ್ಕುಬಂದಿ ತಪ್ಪದೆ ಓದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದ್ದು ಅಂತ ಬರೆದಿರುತ್ತದೆ. ಆ ನೆರೆಯವರು ಹೆಚ್ಚಾಗಿ ದಾಯಾದಿಗಳೇ ಆಗಿರುತ್ತಾರೆ, ಒಂದೇ ಹೊಲ ಭಾಗವಾದದ್ದು ಅಲ್ವಾ. ಪಾಲಿನ ದಾವೆ ಹೂಡಿದ್ದ ಮನೆಯಾದರೆ ಕೋರ್ಟಿನಿಂದ ದಾವಾಪತ್ರದ ನಕಲು ತೆಗೆಸಿ, ಅದರಲ್ಲಿ ವಂಶವೃಕ್ಷ ಇದ್ದೇ ಇರುತ್ತದೆ. ಪ್ರತಿವಾದಿಗಳ ತಕರಾರನ್ನೂ ಜೊತೆಗೆ ಓದಿ. ಪಾಲು ಕೊಡಬಾರದು ಅಂತ ಒಬ್ಬರನ್ನು ಬಿಟ್ಟು ಬರೆದ ವಂಶವೃಕ್ಷಗಳೂ ಇವೆ.

ಅಣೆಕಟ್ಟಿನಲ್ಲಿ ಮುಳುಗಿದ ಊರಿನವರಿಗೆ ಭೂಸ್ವಾಧೀನದ ಫೈಲೇ ಊರಿನ ಕೊನೆಯ ಚಿತ್ರ. ಕನ್ನಂಬಾಡಿ, ತುಂಗಭದ್ರಾ, ಲಿಂಗನಮಕ್ಕಿ, ಆಲಮಟ್ಟಿ ಮುಳುಗಡೆಯವರು ಪರಿಹಾರದ ಪಟ್ಟಿ ಹುಡುಕಿದರೆ ಯಾವ ಮನೆ ಯಾರದ್ದು ಅಂತ ಸಿಗುತ್ತದೆ.

ಶಾಲೆ, ಚರ್ಚು, ದರ್ಗಾ

ಹಳೆಯ ಸರ್ಕಾರಿ ಶಾಲೆಗಳ ದಾಖಲಾತಿ ರಿಜಿಸ್ಟರ್ ನೂರು ವರ್ಷದ್ದೂ ಇರುತ್ತದೆ. ಹುಟ್ಟಿದ ದಿನ ನಂಬಬೇಡಿ, ಮೇಷ್ಟ್ರು ಅಂದಾಜಿಗೆ ಬರೆದದ್ದು ಜಾಸ್ತಿ. ಅಪ್ಪನ ಹೆಸರು, ಊರು, ಕಸುಬು ನಂಬಬಹುದು. ಕ್ರೈಸ್ತ ಮನೆತನಗಳಿಗೆ ಚರ್ಚಿನ ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕಗಳಿವೆ. ಕರಾವಳಿಯಲ್ಲಿ ಬಾಸೆಲ್ ಮಿಶನ್ 1834ರಿಂದ ಕೆಲಸ ಮಾಡಿತು, ಅದರ ದಾಖಲೆ ಮತ್ತು ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದು, ಸಾಕಷ್ಟು ಅಂತರ್ಜಾಲದಲ್ಲೂ ಸಿಗುತ್ತವೆ. ಸೂಫಿ ಪರಂಪರೆಯ ಮನೆತನಗಳಲ್ಲಿ ಶಜರಾ ಅನ್ನುವ ಪೀಳಿಗೆಯ ಪಟ್ಟಿ ಇರುತ್ತದೆ. ಅದು ಗುರುಪರಂಪರೆಯೋ ರಕ್ತಸಂಬಂಧವೋ ಅಂತ ಕೇಳಿ ತಿಳಿದುಕೊಳ್ಳಿ.

ಹೆಳವರು ಮತ್ತು ಕ್ಷೇತ್ರದ ಪುರೋಹಿತರು

ಉತ್ತರ ಮತ್ತು ಮಧ್ಯ ಕರ್ನಾಟಕದವರು ಹೆಳವರನ್ನು ನೋಡಿರುತ್ತೀರಿ. ಮೊದಲು ಎತ್ತಿನ ಮೇಲೆ, ಗಂಟೆ ಕಟ್ಟಿಕೊಂಡು ಬರುತ್ತಿದ್ದರು. ಮನೆಯ ಮುಂದೆ ನಿಂತು ಹಿರಿಯರ ಹೆಸರನ್ನು ತಲೆಮಾರಿನಿಂದ ತಲೆಮಾರಿಗೆ ಪೋಣಿಸಿ ಹೇಳಿ, ಕಾಳು, ಬಟ್ಟೆ, ಕಾಣಿಕೆ ಪಡೆದು ಹೋಗುತ್ತಿದ್ದರು. ಯಾವ ಊರಿನಿಂದ ಬಂದಿರಿ, ಯಾವ ಬೆಡಗು, ಮನೆದೇವರು ಯಾರು, ಯಾವ ಕವಲು ಯಾವ ಊರಿಗೆ ಹೋಯಿತು ಅನ್ನುವುದೆಲ್ಲ ಅವರ ಪುಸ್ತಕದಲ್ಲಿರುತ್ತದೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಷ್ಟು ಊರು, ಇಂತಿಷ್ಟು ಮನೆ ಅಂತ ಹಂಚಿಕೆ ಇದೆ. ನಿಮ್ಮ ಮನೆಗೆ ಬರುವ ಹೆಳವರು ಯಾರು ಅಂತ ಊರಿನ ಹಿರಿಯರನ್ನು ಕೇಳಿ, ಬಂದಾಗ ಫೋನ್ ನಂಬರ್ ತೆಗೆದುಕೊಳ್ಳಿ. ಅವರು ಓದುವಾಗ ಪೂರ್ತಿ ಕೇಳಿ. ಅವರ ಪುಸ್ತಕ ಅವರ ಜೀವನ, ಹಾಗಾಗಿ ಫೋಟೋ ತೆಗೆಯುವ ಮೊದಲು ಒಪ್ಪಿಗೆ ಕೇಳಿ, ಕಾಣಿಕೆಯನ್ನು ಕೈ ಬಿಚ್ಚಿ ಕೊಡಿ.

ಕಾಶಿ, ಗಯಾ, ಹರಿದ್ವಾರಕ್ಕೆ ಹೋಗಿ ಬಂದ ಹಿರಿಯರಿದ್ದರೆ ಅಲ್ಲಿನ ಪಂಡಾಗಳ (ಕ್ಷೇತ್ರ ಪುರೋಹಿತರ) ವಹಿಗಳಲ್ಲಿ, ಅಂದರೆ ಲೆಕ್ಕದ ಪುಸ್ತಕಗಳಲ್ಲಿ, ಅವರ ಹೆಸರು, ಸಹಿ ಇರಬಹುದು. ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲೂ ಕ್ಷೇತ್ರ ಪುರೋಹಿತರು ನಾಮಾವಳಿ ಇಟ್ಟಿದ್ದಾರೆ. ಅಲ್ಲಿ ಹೋಗಿ ಹೇಳಬೇಕಾದ್ದು ನಿಮ್ಮ ಈಗಿನ ಊರಲ್ಲ, ಆ ಹಿರಿಯರು ಹೋದಾಗ ಇದ್ದ ಊರು ಮತ್ತು ಜಾತಿ.

ಅಟ್ಟದ ಮೇಲಿನ ಗಂಟು

ಶಾನುಭೋಗಿಕೆ, ಗೌಡಿಕೆ, ವ್ಯಾಪಾರ ಇದ್ದ ಮನೆಗಳಲ್ಲಿ ಕಡತ ಸಿಗಬಹುದು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿದ ಪುಸ್ತಕ ಅದು. ಬರೆದಿರುವುದು ಬಿಳಿ ಬಳಪದಲ್ಲಿ. ದಯವಿಟ್ಟು ಧೂಳು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಸ್ಲೇಟು ಒರೆಸಿದ ಹಾಗೆ ಅಕ್ಷರ ಹೊರಟುಹೋಗುತ್ತದೆ. ಒಣಗಿದ ಮೆತ್ತಗಿನ ಬ್ರಷ್ಷಿನಿಂದ ಮೇಲ್ಮೇಲೆ ಧೂಳು ತೆಗೆದು, ಮೊದಲು ಪ್ರತಿ ಮಡಿಕೆಯ ಫೋಟೋ ತೆಗೆಯಿರಿ. ತಾಳೆಗರಿಯನ್ನೂ ಬಲವಂತವಾಗಿ ಬಿಡಿಸಬೇಡಿ, ಅಂಟಿಕೊಂಡ ಗರಿ ಪುಡಿಯಾಗುತ್ತದೆ. ಓದಲು ಬಾರದ ಲಿಪಿಯಾದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಿಚಾರಿಸಿ. ಮೋಡಿಯೋ, ತಿಗಳಾರಿಯೋ, ನಂದಿನಾಗರಿಯೋ ಅಂತ ಗುರುತಿಸಿದರೂ ಅರ್ಧ ಕೆಲಸ ಆಯಿತು.

ಕಲ್ಲು

ಊರ ಮುಂದಿನ ವೀರಗಲ್ಲು, ಮಾಸ್ತಿಕಲ್ಲು, ಹೊಲದ ನಡುವಿನ ಸಮಾಧಿಗಳನ್ನು ನೋಡಿಕೊಂಡು ಬನ್ನಿ. ಅಕ್ಷರ ಮಾಸಿದ್ದರೆ ಸುಣ್ಣ, ಎಣ್ಣೆ, ಹಿಟ್ಟು ಹಚ್ಚಬೇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಬಹುತೇಕ ಒರಗಿಸಿ ಹಿಡಿಯಿರಿ. ಬೆಳಕು ಅಡ್ಡ ಬಿದ್ದಾಗ ಪ್ರತಿ ಅಕ್ಷರದ ಗುಳಿಯಲ್ಲಿ ನೆರಳು ನಿಲ್ಲುತ್ತದೆ. ಹಗಲಲ್ಲಿ ಬರೀ ಬಂಡೆಯಂತೆ ಕಂಡದ್ದರಲ್ಲಿ ಸಾಲುಗಳು ಮೂಡುತ್ತವೆ. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆಯಿರಿ.

ಆ ಶಾಸನ ಆಗಲೇ ಅಚ್ಚಾಗಿರಲೂಬಹುದು. ಬಿ.ಎಲ್. ರೈಸ್ ಹಳೆಯ ಮೈಸೂರು ಮತ್ತು ಕೊಡಗಿನ ಸಾವಿರಾರು ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ 1886ರಿಂದ ಪ್ರಕಟಿಸಿದರು. ತಾಲೂಕುವಾರು ಇವೆ, ನಿಮ್ಮ ಊರಿನ ಹೆಸರು ಹುಡುಕುವುದು ಸುಲಭ. ಬ್ರಿಟಿಷ್ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಊರು, ದೇವಸ್ಥಾನ, ಪಾಳೆಯಗಾರರ ಮನೆತನಗಳ ಕತೆ ಊರವರ ಬಾಯಿಂದಲೇ ಬರೆದದ್ದಿದೆ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಮತ್ತು ಕರಾವಳಿ ಸುತ್ತಿ ಕಂಡದ್ದನ್ನು ದಿನದಿನವೂ ಬರೆದ. ಇವು ಊರಿನ ಹಿನ್ನೆಲೆ ತಿಳಿಯಲು ಒಳ್ಳೆಯವು. ಆದರೆ 1250ರ ಶಾಸನದಲ್ಲಿ ನಿಮ್ಮ ಊರಿನ ಗೌಡನ ಹೆಸರಿದ್ದರೆ ಅವನೇ ನಿಮ್ಮ ಮೂಲಪುರುಷ ಅಂತ ಬರೆದುಬಿಡಬೇಡಿ. ನಡುವಿನ ತಲೆಮಾರುಗಳ ಆಧಾರ ಸಿಗುವ ತನಕ ಅವನು ನಿಮ್ಮ ಊರಿನ ಗೌಡ, ಅಷ್ಟೇ.

ವರ್ಷದ ಲೆಕ್ಕ

ಹಳೆಯ ಪತ್ರದಲ್ಲಿ ಇಸವಿ ಇರುವುದು ಅಪರೂಪ, ಸಂವತ್ಸರ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಮನ್ಮಥ ಅಂತಿದ್ದರೆ 1835, 1895, 1955 ಯಾವುದೂ ಆಗಬಹುದು. ಪತ್ರದಲ್ಲಿರುವ ಬೇರೆ ಹೆಸರುಗಳಿಂದ ಸರಿಯಾದ್ದನ್ನು ಆರಿಸಬೇಕು. ಇಸವಿ ಬೇಕಾದರೆ ಶಕ ವರ್ಷಕ್ಕೆ 78 ಕೂಡಿಸಿ, ಕಂದಾಯದ ಲೆಕ್ಕದಲ್ಲಿ ಬರುವ ಫಸಲಿ ವರ್ಷಕ್ಕೆ 590. ವರ್ಷದ ಆರಂಭ ಬೇರೆ ಇರುವುದರಿಂದ ಒಂದು ವರ್ಷ ಆಚೀಚೆ ಆಗಬಹುದು.

ಮಾತಿನಲ್ಲಿ ಬಂದ ಕಾಲವನ್ನೂ ಹೀಗೇ ಹಿಡಿಯಬಹುದು. "ಧಾತು ಈಶ್ವರದ ಬರದಲ್ಲಿ ಬಂದ್ವಿ" ಅಂದರೆ ಆ ಎರಡು ಸಂವತ್ಸರ, 1876ರಿಂದ 78. ಡೋಗಿ ಬರ ಅಂದರೆ 1791-92. "ಪ್ಲೇಗು ಬಂದಾಗ ಊರು ಬಿಟ್ವಿ" ಅಂದರೆ 1898 ಅಥವಾ ಅದರ ನಂತರದ ಕೆಲವು ವರ್ಷ. ತಲೆಮಾರಿನ ಲೆಕ್ಕವೂ ಇಟ್ಟುಕೊಳ್ಳಿ. ನೂರು ವರ್ಷಕ್ಕೆ ಮೂರೂವರೆಯಿಂದ ನಾಲ್ಕು ತಲೆಮಾರು. ತಾಳಿಕೋಟೆ ಯುದ್ಧ ನಡೆದದ್ದು 1565ರಲ್ಲಿ, ಅಂದರೆ ಹದಿನಾರಕ್ಕೂ ಹೆಚ್ಚು ತಲೆಮಾರು ಹಿಂದೆ. ಮನೆಯಲ್ಲಿ ಏಳು ಹೆಸರಿನ ಪಟ್ಟಿ ಇಟ್ಟುಕೊಂಡು ಮೊದಲನೆಯವರು ವಿಜಯನಗರದಿಂದ ಬಂದರು ಅಂದರೆ ನಡುವೆ ಎಷ್ಟು ಹೆಸರು ಬಿದ್ದುಹೋಗಿವೆ ಅಂತ ಲೆಕ್ಕ ಹಾಕಿ.

ಮನೆಯ ಕತೆಯನ್ನು ಏನು ಮಾಡುವುದು?

ಪಾಳೆಯಗಾರ ಮನೆಯ ಹೆಣ್ಣನ್ನು ಕೇಳಿದ. ಕೊಡಲು ಮನಸ್ಸಿಲ್ಲದೆ ರಾತ್ರೋರಾತ್ರಿ ಊರು ಬಿಟ್ಟರು. ದಾರಿಯಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು, ದೇವರನ್ನು ಬೇಡಿದಾಗ ಎರಡಾಗಿ ದಾರಿ ಬಿಟ್ಟಿತು. ನಮ್ಮ ಮನೆಯ ಕತೆ ಇದು. ನಿಮ್ಮ ಮನೆಯದ್ದೂ ಇದೇ ಇರಬಹುದು. ಬೇರೆ ಬೇರೆ ಜಾತಿಯ, ಬೇರೆ ಬೇರೆ ಸೀಮೆಯ ಎಷ್ಟೋ ಮನೆತನಗಳು ಇದನ್ನೇ ಹೇಳುತ್ತವೆ. ಹಾಗಂತ ಬಿಸಾಡಬೇಡಿ. ಹೇಳಿದವರ ಮಾತಿನಲ್ಲೇ, ಒಂದು ಪದವನ್ನೂ ತಿದ್ದದೆ ಬರೆದಿಡಿ. ಕತೆಯಲ್ಲಿ ಬರುವ ಹೊಳೆ ಯಾವುದು, ದಾಟಿ ಬಂದದ್ದು ಯಾವ ದಿಕ್ಕಿನಿಂದ, ಬೇಡಿಕೊಂಡ ದೇವರು ಯಾವುದು ಅನ್ನುವುದು ಮಾತ್ರ ಪ್ರತಿ ಮನೆಯಲ್ಲೂ ಬೇರೆ. ಹುಡುಕಬೇಕಾದ್ದು ಅದನ್ನು. ನಮ್ಮ ಮನೆದೇವರ ಗುಡಿ ಈಗಲೂ ಆ ಹೊಳೆಯ ಆಚೆ ದಡದಲ್ಲಿದೆ. ಅಲ್ಲಿನ ಪೂಜಾರಿಯ ಹತ್ತಿರ ಜಾತ್ರೆಯ ವಂತಿಗೆಯ ಪಟ್ಟಿ ಇತ್ತು. ನಮಗೆ ಗೊತ್ತೇ ಇಲ್ಲದ ಮೂರು ಊರಿನ ದಾಯಾದಿಗಳು ಸಿಕ್ಕಿದ್ದು ಅದರಿಂದ.

ಡಿಎನ್ಎ ಪರೀಕ್ಷೆ ಬಗ್ಗೆ ಜನ ಕೇಳುತ್ತಾರೆ. ಹತ್ತಿರದ ಸಂಬಂಧ ಖಚಿತ ಮಾಡಿಕೊಳ್ಳಲು ಅದು ಸರಿ. ಸಾವಿರಾರು ವರ್ಷದ ವಲಸೆಯ ದೊಡ್ಡ ಚಿತ್ರವನ್ನೂ ತೋರಿಸುತ್ತದೆ. ನಿಮ್ಮ ಮೂಲಪುರುಷನ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ.

ಹೆಣ್ಣುಮಕ್ಕಳ ಹೆಸರು

ಹಳೆಯ ವಂಶವೃಕ್ಷಗಳಲ್ಲಿ ಬರೀ ಗಂಡಸರು. ಹೆಂಗಸರಿಗೆ ಮದುವೆಯಲ್ಲಿ ಹೆಸರೂ ಬದಲಾಗುತ್ತಿತ್ತು, ಹಾಗಾಗಿ ತವರಲ್ಲಿ ಒಬ್ಬಳು, ಗಂಡನ ಮನೆಯಲ್ಲಿ ಇನ್ನೊಬ್ಬಳು. ಎರಡೂ ಹೆಸರು ಬರೆಯಿರಿ, ತವರೂರು ಬರೆಯಿರಿ. ಅರಿಶಿನ ಕುಂಕುಮಕ್ಕೆ ಅಂತ ಮಗಳಿಗೆ ಕೊಟ್ಟ ಭೂಮಿಯ ಪತ್ರ, ವಿಧವೆಯರ ಜೀವನಾಂಶದ ಕೇಸು, ಮೈನರ್ ಮಗನ ಪರವಾಗಿ ತಾಯಿ ಹೆಬ್ಬೆಟ್ಟು ಒತ್ತಿದ ಅರ್ಜಿ, ಇಂಥ ಕಡೆ ಅವರ ಹೆಸರು ಸಿಗುತ್ತದೆ. ಗಂಡ ಸತ್ತ ಮೇಲೆ ಜಮೀನು ಉಳಿಸಿಕೊಂಡು ಮನೆತನ ಮುಂದುವರಿಸಿದ್ದು ಎಷ್ಟೋ ಕಡೆ ಇವರೇ. ತವರೂರಿಗೂ ಒಂದು ಸಲ ಹೋಗಿ. ಮನೆಯಲ್ಲಿ ಕಳೆದುಹೋದ ಫೋಟೋ ಅಲ್ಲಿ ಗೋಡೆಯ ಮೇಲೆ ಇರುತ್ತದೆ.

ಬರೆದಿಡುವುದು

ಒಬ್ಬೊಬ್ಬರಿಗೆ ಒಂದೊಂದು ಹಾಳೆ ಇಡಿ, ಒಂದೊಂದು ನಂಬರ್ ಕೊಡಿ. ಪ್ರತಿ ಸಂಗತಿಯ ಮುಂದೆ ಎಲ್ಲಿಂದ ಗೊತ್ತಾಯಿತು ಅಂತ ಬರೆಯಿರಿ: ಅತ್ತೆ ಹೇಳಿದ್ದು, ಇಂಥ ವರ್ಷದ ಮ್ಯುಟೇಷನ್, ಹೆಳವರ ಪುಸ್ತಕ. ಎರಡು ಆಧಾರ ಬೇರೆ ಬೇರೆ ಹೇಳಿದರೆ ಎರಡನ್ನೂ ಇಡಿ, ಒಂದನ್ನು ಅಳಿಸಬೇಡಿ. ಊಹೆಗೆ ಪೆನ್ಸಿಲ್, ಆಧಾರ ಸಿಕ್ಕಿದ್ದಕ್ಕೆ ಪೆನ್. ನಾನು ಈಗಲೂ ಹಾಗೇ ಮಾಡುತ್ತೇನೆ. ಮನೆಯವರ ಗುಟ್ಟು, ಬದುಕಿರುವವರ ವಿವರ ಬಂದಾಗ ಅವರನ್ನು ಕೇಳದೆ ಹಂಚಬೇಡಿ. ಪೂರ್ತಿ ಆಗಲಿ ಅಂತ ಕಾಯಲೂಬೇಡಿ. ನಾಲ್ಕು ತಲೆಮಾರು ಗಟ್ಟಿಯಾದ ತಕ್ಷಣ ಪ್ರಿಂಟ್ ಹಾಕಿಸಿ ದಾಯಾದಿಗಳ ಮನೆಗೆಲ್ಲ ಕೊಡಿ, ತಪ್ಪು ಕಂಡವರು ಅವರೇ ಫೋನ್ ಮಾಡುತ್ತಾರೆ. ಹೆಳವರು ಮತ್ತೆ ಬಂದಾಗ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಅವರ ಪುಸ್ತಕಕ್ಕೆ ಹೇಳಿ ಬರೆಸಿ, ಹೆಣ್ಣುಮಕ್ಕಳದ್ದನ್ನೂ.